ಕಮಿಷನ್ನೋ, ಸಲಹೆಗೆ ಶುಲ್ಕವೋ? ಮಿಸೌರಿಯ ಮನೆ ಮಾರಾಟಗಾರರ ಪ್ರಕರಣ

2023ರ ಅಕ್ಟೋಬರ್ 31ರಂದು ಅಮೆರಿಕದ ಮಿಸೌರಿ ರಾಜ್ಯದ ಕಾನ್ಸಾಸ್ ಸಿಟಿಯಲ್ಲಿ ಫೆಡರಲ್ ಕೋರ್ಟಿನ ಜ್ಯೂರಿ ಒಂದು ತೀರ್ಪು ಕೊಟ್ಟಿತು. ವಿಚಾರಣೆ ನಡೆದದ್ದು ಸುಮಾರು ಎರಡು ವಾರ. ಜ್ಯೂರಿ ತನ್ನೊಳಗೆ ಚರ್ಚಿಸಲು ತೆಗೆದುಕೊಂಡದ್ದು ಮೂರು ಗಂಟೆಗಿಂತ ಕಡಿಮೆ. ರಿಯಲ್ ಎಸ್ಟೇಟ್ ಏಜೆಂಟರ ಸಂಘವೂ ದೊಡ್ಡ ಬ್ರೋಕರೇಜ್ ಕಂಪನಿಗಳೂ ಕೂಡಿಕೊಂಡು ಕಮಿಷನ್ ಇಳಿಯದ ಹಾಗೆ ನೋಡಿಕೊಂಡವು, ಅದರ ಭಾರ ಮನೆ ಮಾರಿದವರ ಮೇಲೆ ಬಿತ್ತು ಎಂದು ಜ್ಯೂರಿ ಹೇಳಿತು. ನಷ್ಟ ಸುಮಾರು 178 ಕೋಟಿ ಡಾಲರ್. ಕೂಡಿಕೊಂಡು ಪೈಪೋಟಿ ತಡೆಯುವುದನ್ನು 1890ರ ಶೆರ್ಮನ್ ಕಾಯ್ದೆ ನಿಷೇಧಿಸುತ್ತದೆ; 1914ರ ಕ್ಲೇಟನ್ ಕಾಯ್ದೆಯ ಪ್ರಕಾರ ಇಂಥ ನಷ್ಟವನ್ನು ಮೂರು ಪಟ್ಟು ಕಟ್ಟಿಕೊಡಬೇಕು. ಅಂದರೆ 530 ಕೋಟಿ ಡಾಲರ್ ದಾಟುತ್ತಿತ್ತು.

ಈ ಪ್ರಕರಣಕ್ಕೆ ಸಿಟ್ಜರ್-ಬರ್ನೆಟ್ ಎಂದು ಹೆಸರು. ತೀರ್ಪು ಬಂದಾಗ ಎಲ್ಲರೂ ಮಾತಾಡಿದ್ದು ಆ ದೊಡ್ಡ ಮೊತ್ತದ ಬಗ್ಗೆ. ನನಗೆ ಮುಖ್ಯ ಅನ್ನಿಸುವುದು ಬೇರೆ ವಿಷಯ. ಮನೆ ಮಾರಲು, ಕೊಳ್ಳಲು ನಮಗೆ ತಿಳಿದವರ ಸಲಹೆ ಬೇಕು. ಆ ಸಲಹೆಯ ಬೆಲೆಯನ್ನು ಮನೆಯ ಬೆಲೆಗೆ ಗಂಟು ಹಾಕಬೇಕಾ? ವಕೀಲರಿಗೆ, ಆಡಿಟರಿಗೆ ಕೊಡುವ ಹಾಗೆ ಕೆಲಸಕ್ಕೆ ಇಷ್ಟು, ಗಂಟೆಗೆ ಇಷ್ಟು ಎಂದು ಕೊಟ್ಟು ಮುಗಿಸಬಾರದಾ? ಅಮೆರಿಕದಲ್ಲಿ ಇಂಥ ಸಲಹಾ ಶುಲ್ಕದ ಪದ್ಧತಿ ಬಹಳ ಹಿಂದೆಯೇ ಶುರುವಾಗಿತ್ತು. ಆದರೂ ಅದು ಮೂಲೆಯಲ್ಲೇ ಉಳಿಯಿತು. ಯಾಕೆ ಎಂಬುದಕ್ಕೆ ಮಿಸೌರಿಯ ಈ ಒಂದು ಪ್ರಕರಣದಲ್ಲಿ ಬೇಕಾದಷ್ಟು ಉತ್ತರ ಸಿಗುತ್ತದೆ.

ದುಡ್ಡು ಹೋಗುತ್ತಿದ್ದ ದಾರಿ

ಅಮೆರಿಕದಲ್ಲಿ ಮಾರಾಟಕ್ಕಿರುವ ಮನೆಗಳ ವಿವರವನ್ನು ಏಜೆಂಟರು ತಮ್ಮ ಊರಿನ ಒಂದು ಸಾಮಾನ್ಯ ಪಟ್ಟಿಗೆ ಹಾಕುತ್ತಾರೆ. ಅದೇ ಮಲ್ಟಿಪಲ್ ಲಿಸ್ಟಿಂಗ್ ಸರ್ವಿಸ್, ಎಂಎಲ್‌ಎಸ್. ಈ ಪಟ್ಟಿಯಲ್ಲಿ ಇಲ್ಲದ ಮನೆ ಬಹುಪಾಲು ಕೊಳ್ಳುವವರ ಕಣ್ಣಿಗೇ ಬೀಳುವುದಿಲ್ಲ. ದೇಶದ ಹೆಚ್ಚಿನ ಎಂಎಲ್‌ಎಸ್‌ಗಳು ನಡೆಯುವುದು ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್ ಎಂಬ ಸಂಘದ ನಿಯಮದ ಪ್ರಕಾರ. ಈ ಸಂಘದಲ್ಲಿ ಸುಮಾರು 15 ಲಕ್ಷ ಸದಸ್ಯರಿದ್ದಾರೆ.

1990ರ ದಶಕದಿಂದ ಜಾರಿಯಲ್ಲಿದ್ದ ಒಂದು ನಿಯಮ ಹೀಗಿತ್ತು. ಮನೆಯನ್ನು ಪಟ್ಟಿಗೆ ಹಾಕುವಾಗಲೇ, ಕೊಳ್ಳುವವರನ್ನು ಕರೆತರುವ ಏಜೆಂಟಿಗೆ ಎಷ್ಟು ಕೊಡುತ್ತೇವೆ ಎಂದು ನಮೂದಿಸಬೇಕು. ಒಟ್ಟು ಕಮಿಷನ್ ಸಾಮಾನ್ಯವಾಗಿ ಶೇಕಡಾ 5ರಿಂದ 6. ಅದರಲ್ಲಿ ಹತ್ತಿರಹತ್ತಿರ ಅರ್ಧ ಕೊಳ್ಳುವವರ ಏಜೆಂಟಿಗೆ ಹೋಗುತ್ತಿತ್ತು. ಎಲ್ಲವೂ ಮಾರುವವರಿಗೆ ಬರುವ ಹಣದಿಂದಲೇ ಕಡಿತ.

ಅಂದರೆ ಒಬ್ಬ ಏಜೆಂಟ್ ಕೊಳ್ಳುವವರ ಪರ ಚೌಕಾಸಿ ಮಾಡುತ್ತಿದ್ದ, ಆದರೆ ಅವನ ಸಂಬಳ ಬರುತ್ತಿದ್ದದ್ದು ಮಾರುವವರ ಕಡೆಯಿಂದ. ಎಷ್ಟು ಬರುತ್ತದೆ ಎಂಬುದು ಪಟ್ಟಿಯಲ್ಲೇ ಅವನಿಗೆ ಕಾಣುತ್ತಿತ್ತು. ಮೂರು ಪರ್ಸೆಂಟ್ ಕೊಡುವ ಮನೆ, ಒಂದು ಪರ್ಸೆಂಟ್ ಕೊಡುವ ಮನೆ ಎರಡೂ ಪಕ್ಕಪಕ್ಕದಲ್ಲಿದ್ದರೆ ಅವನು ಮೊದಲು ಯಾವುದನ್ನು ತೋರಿಸುತ್ತಾನೆ? ಈ ಭಯದಿಂದ ಮಾರುವವರು ಕಡಿಮೆ ಹಾಕಲು ಧೈರ್ಯ ಮಾಡುತ್ತಿರಲಿಲ್ಲ. ಕೊಳ್ಳುವವರಿಗಂತೂ ತಮ್ಮ ಏಜೆಂಟ್ ಪುಕ್ಕಟೆ ಎಂದೇ ಅನ್ನಿಸುತ್ತಿತ್ತು. ಪುಕ್ಕಟೆ ಅಂದುಕೊಂಡಿದ್ದಕ್ಕೆ ಯಾರು ಚೌಕಾಸಿ ಮಾಡುತ್ತಾರೆ?

ಮಿಸೌರಿಯಲ್ಲಿ ಕೆಲವು ಮಾರಾಟಗಾರರು 2019ರ ಏಪ್ರಿಲ್‌ನಲ್ಲಿ ದಾವೆ ಹೂಡಿದ್ದು ಇದೇ ಕಾರಣಕ್ಕೆ. ನನ್ನ ಎದುರಾಳಿಯ ಏಜೆಂಟಿಗೆ ನಾನ್ಯಾಕೆ ದುಡ್ಡು ಕೊಡಬೇಕು ಎಂಬುದು ಅವರ ನೇರ ಪ್ರಶ್ನೆ. ಮುಂದೆ ಅದು ಗುಂಪು ದಾವೆಯಾಯಿತು. ಕಾನ್ಸಾಸ್ ಸಿಟಿ, ಸೇಂಟ್ ಲೂಯಿಸ್, ಸ್ಪ್ರಿಂಗ್‌ಫೀಲ್ಡ್, ಕೊಲಂಬಿಯಾ ಭಾಗದ ನಾಲ್ಕು ಎಂಎಲ್‌ಎಸ್‌ಗಳ ಮೂಲಕ 2015ರಿಂದ 2022ರ ನಡುವೆ ಆದ ಎರಡೂವರೆ ಲಕ್ಷಕ್ಕೂ ಹೆಚ್ಚು ಮಾರಾಟಗಳು ಅದರ ವ್ಯಾಪ್ತಿಗೆ ಬಂದವು. ನ್ಯಾಯಾಧೀಶರು ಸ್ಟೀಫನ್ ಬೌ, ಮಾರಾಟಗಾರರ ಮುಖ್ಯ ವಕೀಲ ಮೈಕಲ್ ಕೆಚ್‌ಮಾರ್ಕ್. ದಾವೆ ಎದುರಿಸಿದ ಬ್ರೋಕರೇಜ್ ಕಂಪನಿಗಳಲ್ಲಿ ಎನಿವೇರ್ ಮತ್ತು ರೀಮ್ಯಾಕ್ಸ್ ವಿಚಾರಣೆಗೆ ಮೊದಲೇ ರಾಜಿಯಾದವು. ಸಂಘ, ಹೋಮ್‌ಸರ್ವಿಸಸ್ ಮತ್ತು ಕೆಲರ್ ವಿಲಿಯಮ್ಸ್ ಕೊನೆಯವರೆಗೆ ಹೋರಾಡಿ ಸೋತವು.

ಹತ್ತು ಸಾವಿರಕ್ಕೆ ನೂರೈವತ್ತು

ಕಮಿಷನ್ ಪರವಾಗಿ ಯಾವಾಗಲೂ ಕೇಳಿಬರುವ ಮಾತೊಂದಿದೆ. ಮನೆ ಜಾಸ್ತಿ ಬೆಲೆಗೆ ಹೋದರೆ ಏಜೆಂಟಿಗೂ ಜಾಸ್ತಿ ಸಿಗುತ್ತದೆ, ಹಾಗಾಗಿ ಅವನು ನಿಮ್ಮ ಪರ ಜೀವ ತೇಯುತ್ತಾನೆ ಎಂಬ ಮಾತು. ಕೇಳಲು ಸರಿಯಾಗಿಯೇ ಇದೆ. ಲೆಕ್ಕ ಹಾಕಿದರೆ ಹಾಗಿಲ್ಲ.

ಮನೆಯ ಬೆಲೆ 4 ಲಕ್ಷ ಡಾಲರ್ ಎಂದಿಟ್ಟುಕೊಳ್ಳಿ. ಆರು ಪರ್ಸೆಂಟ್ ಅಂದರೆ 24,000. ಮಾರುವವರ ಕಡೆಯ ಪಾಲು 12,000. ಅದರಲ್ಲಿ ಅರ್ಧ ಬ್ರೋಕರೇಜ್ ಕಂಪನಿಗೆ ಹೋಗುತ್ತದೆ ಎಂದರೆ ಏಜೆಂಟನ ಕೈಗೆ 6,000, ಅಂದರೆ ಮನೆ ಬೆಲೆಯ ಒಂದೂವರೆ ಪರ್ಸೆಂಟ್. ಇನ್ನೆರಡು ವಾರ ಕಾದರೆ 10,000 ಡಾಲರ್ ಹೆಚ್ಚು ಸಿಗಬಹುದು ಎನ್ನೋಣ. ಮಾಲೀಕರಿಗೆ ಅದು ದೊಡ್ಡ ಹಣ. ಏಜೆಂಟಿಗೆ ಅದರಿಂದ ಸಿಗುವುದು 150 ಡಾಲರ್. ಅಷ್ಟಕ್ಕಾಗಿ ಎರಡು ವಾರ ಮನೆ ತೋರಿಸುತ್ತಾ ಕೂರುವುದಕ್ಕಿಂತ ಇವತ್ತೇ ಸಹಿ ಹಾಕಿಸಿ ಮುಂದಿನ ಗಿರಾಕಿಯ ಬಳಿ ಹೋಗುವುದು ಅವನಿಗೆ ಲಾಭ.

ಇದು ಬರೀ ಊಹೆಯಲ್ಲ. ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸಿವರ್ಸನ್ ಶಿಕಾಗೊ ಸುತ್ತಮುತ್ತ ಮಾರಾಟವಾದ ಸುಮಾರು ಒಂದು ಲಕ್ಷ ಮನೆಗಳ ವಿವರ ಕಲೆಹಾಕಿ 2008ರಲ್ಲಿ ಅಧ್ಯಯನ ಪ್ರಕಟಿಸಿದರು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾಯುತ್ತಾರೆ, ಅದೇ ಬಗೆಯ ಗಿರಾಕಿಯ ಮನೆಗಿಂತ ಶೇಕಡಾ 3.7ರಷ್ಟು ಹೆಚ್ಚು ಬೆಲೆ ಪಡೆಯುತ್ತಾರೆ ಎಂದು ಅದರಲ್ಲಿ ಕಂಡುಬಂತು. ಯಾವಾಗ ಕಾಯಬೇಕು ಎಂದು ಅವರಿಗೆ ಗೊತ್ತು. ಗಿರಾಕಿಗೆ ಆ ಸಲಹೆ ಕೊಡಲು ಅವರಿಗೆ ದುಡ್ಡು ಸಿಗುವ ಕ್ರಮ ಬಿಡುವುದಿಲ್ಲ. ಏಜೆಂಟರು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಡೀಲ್ ಆದರೆ ಮಾತ್ರ ಅನ್ನ ಎಂಬ ಸ್ಥಿತಿಯಲ್ಲಿ ಯಾರೇ ಇದ್ದರೂ "ಈಗ ಮಾರಬೇಡಿ" ಎಂಬ ಮಾತು ಬಾಯಿಗೆ ಬರುವುದು ಕಷ್ಟ.

ಸಲಹಾ ಶುಲ್ಕದ ಜೀವಾಳ ಇರುವುದೇ ಇಲ್ಲಿ. ಗಂಟೆಗೆ ಇಷ್ಟು ಎಂದು ಪಡೆಯುವವರಿಗೆ ನೀವು ಮಾರಿದರೂ ಅಷ್ಟೇ, ಬಿಟ್ಟರೂ ಅಷ್ಟೇ. "ಮಾರಬೇಡಿ", "ಈ ಮನೆ ಕೊಳ್ಳಬೇಡಿ" ಎಂದು ಹೇಳಲು ಅವರಿಗೆ ನಷ್ಟವಿಲ್ಲ. ಉಳಿತಾಯ ಆಮೇಲಿನ ಮಾತು.

ಅದೇ ಮನೆ, ಬೇರೆ ಲೆಕ್ಕ

ಅದೇ 4 ಲಕ್ಷದ ಮನೆಯನ್ನೇ ನೋಡೋಣ. ಮಾಲೀಕರು ಪರ್ಸೆಂಟ್ ಬಿಟ್ಟು ಲೈಸೆನ್ಸ್ ಇರುವ ಒಬ್ಬ ಸಲಹೆಗಾರರ ಬಳಿ ಹೋದರು ಎಂದುಕೊಳ್ಳಿ. ಗಂಟೆಗೆ 200 ಡಾಲರ್ ಎಂದು ಒಪ್ಪಂದ. ದರ ಲೆಕ್ಕಕ್ಕಾಗಿ ನಾನಿಟ್ಟದ್ದು. ಅಕ್ಕಪಕ್ಕದ ಮಾರಾಟ ನೋಡಿ ಬೆಲೆ ಕಟ್ಟುವುದು, ಏನು ರಿಪೇರಿ ಮಾಡಿಸಬೇಕು, ಯಾವುದನ್ನು ಹಾಗೇ ಬಿಡಬೇಕು ಎಂದು ಹೇಳುವುದು, ಬಂದ ಆಫರ್‌ಗಳನ್ನು ಓದಿ ಷರತ್ತು ತೂಗುವುದು, ತಪಾಸಣೆ ವರದಿ ಬಂದ ಮೇಲೆ ಕೊಳ್ಳುವವರು ಕೇಳುವ ರಿಯಾಯಿತಿಗೆ ಉತ್ತರ ಬರೆಯುವುದು, ಕೊನೆಯ ದಿನದ ಲೆಕ್ಕಪತ್ರ ತಾಳೆ ನೋಡುವುದು. ಎಲ್ಲ ಸೇರಿ 30 ಗಂಟೆ ಆದರೆ 6,000 ಡಾಲರ್. ಮಾರುವವರ ಕಡೆಯ ಕಮಿಷನ್ನಿನ ಅರ್ಧ. ಮನೆಗೆ ಬಂದವರಿಗೆ ಬಾಗಿಲು ತೆಗೆದು ತೋರಿಸುವ ಕೆಲಸವನ್ನು ಮಾಲೀಕರೇ ಮಾಡಿದರೆ ಇನ್ನೂ ಕಡಿಮೆ. ಪಟ್ಟಿಗೆ ಹಾಕುವುದಷ್ಟನ್ನೇ ಕೆಲವು ನೂರು ಡಾಲರಿಗೆ ಮಾಡಿಕೊಡುವವರೂ ಅಮೆರಿಕದಲ್ಲಿ ಇದ್ದಾರೆ.

ಇದೇ ಮನೆ 8 ಲಕ್ಷದ್ದಾದರೆ? ಮಾರುವವರ ಕಡೆಯ ಕಮಿಷನ್ 12,000ದಿಂದ 24,000ಕ್ಕೆ ಹಾರುತ್ತದೆ. ಕೆಲಸದ ಗಂಟೆಗಳು ಹೆಚ್ಚೆಂದರೆ ಒಂದಿಷ್ಟು ಏರಬಹುದು. ದುಬಾರಿ ಮನೆಯ ಕಾಗದ ಓದಲು ದುಪ್ಪಟ್ಟು ಹೊತ್ತು ಬೇಕಾಗುವುದಿಲ್ಲ.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಆರು ತಿಂಗಳಾದರೂ ಮನೆ ಹೋಗಲಿಲ್ಲ ಎಂದುಕೊಳ್ಳಿ. ಕಮಿಷನ್ ಪದ್ಧತಿಯಲ್ಲಿ ಮಾಲೀಕರು ಸಾಮಾನ್ಯವಾಗಿ ಏನೂ ಕೊಡಬೇಕಾಗಿಲ್ಲ. ಸಲಹಾ ಪದ್ಧತಿಯಲ್ಲಿ ಬಳಸಿದ ಗಂಟೆಗಳಿಗೆ ಬಿಲ್ ಬರುತ್ತದೆ. ಪರ್ಸೆಂಟಿನೊಳಗೆ ಒಂದು ಬಗೆಯ ವಿಮೆ ಅಡಗಿದೆ. ಮನೆ ಮಾರಾಟವಾದವರು ಮಾರಾಟವಾಗದವರ ಖರ್ಚನ್ನೂ, ನಲವತ್ತು ಮನೆ ನೋಡಿ ಏನೂ ಕೊಳ್ಳದೆ ಹೋದವರ ಖರ್ಚನ್ನೂ ಸೇರಿಸಿ ಕಟ್ಟುತ್ತಿದ್ದಾರೆ. ಮನೆ ಸುಲಭವಾಗಿ ಹೋಗುತ್ತದೆ ಎಂದು ಗೊತ್ತಿರುವವರಿಗೆ ಆ ವಿಮೆ ದಂಡ. ಕೈಯಲ್ಲಿ ಕಾಸಿಲ್ಲದೆ, ಮನೆ ಹೋಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿರುವವರಿಗೆ ಅದು ಆಸರೆ. ಸಲಹಾ ಶುಲ್ಕವನ್ನು ಹೊಗಳುವವರು ಈ ಎರಡನೆಯವರನ್ನು ಮರೆಯಬಾರದು.

ಕಾನೂನೇ ಅಡ್ಡ ನಿಂತಾಗ

ಮಿಸೌರಿಯಲ್ಲಿ ಸಲಹಾ ಪದ್ಧತಿ ಬೆಳೆಯದಿರಲು ಸಂಘದ ನಿಯಮ ಒಂದೇ ಕಾರಣವಲ್ಲ. 2005ರ ಸುಮಾರಿಗೆ ಟೆಕ್ಸಾಸ್, ಅಲಬಾಮಾ, ಮಿಸೌರಿ ಮುಂತಾದ ರಾಜ್ಯಗಳು ಕನಿಷ್ಠ ಸೇವೆಯ ಕಾನೂನು ತಂದವು. ಬ್ರೋಕರ್ ಜೊತೆ ಎಕ್ಸ್‌ಕ್ಲೂಸಿವ್ ಕರಾರು, ಅಂದರೆ ಕೆಲಸವನ್ನು ಅವರೊಬ್ಬರಿಗೇ ವಹಿಸುವ ಕರಾರು ಮಾಡಿಕೊಂಡರೆ ಆಫರ್ ಪಡೆದು ತೋರಿಸುವುದು, ಬಂದ ಆಫರಿಗೆ ಎದುರು ಆಫರ್ ರೂಪಿಸಲು ನೆರವಾಗುವುದು, ಪ್ರಶ್ನೆಗಳಿಗೆ ಉತ್ತರಿಸುವುದು ಎಲ್ಲವನ್ನೂ ಬ್ರೋಕರ್ ಮಾಡಲೇಬೇಕು. ಗಿರಾಕಿ ಬೇಡ ಎಂದರೂ ಬಿಡುವ ಹಾಗಿಲ್ಲ. ಫುಲ್ ಮೀಲ್ಸ್ ಬಿಟ್ಟು ಬೇರೇನೂ ಬಡಿಸಬಾರದು ಎಂದು ಹೋಟೆಲಿಗೆ ಆಜ್ಞೆ ಮಾಡಿದ ಹಾಗೆ. ಬರೀ ಬೆಲೆ ಕಟ್ಟಿಕೊಡಿ, ಪಟ್ಟಿಗೆ ಹಾಕಿಕೊಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎನ್ನುವವರಿಗೆ ಇದರಿಂದ ದಾರಿ ಕಿರಿದಾಯಿತು.

ಗ್ರಾಹಕರ ರಕ್ಷಣೆಗೆ ಈ ಕಾನೂನು ಎಂದು ಉದ್ಯಮ ಹೇಳಿತು. ಅಮೆರಿಕದ ನ್ಯಾಯ ಇಲಾಖೆ ಮತ್ತು ಪೈಪೋಟಿ, ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಎರಡೂ ಆಗಲೇ ವಿರೋಧಿಸಿದವು. ಕಡಿಮೆ ಸೇವೆ, ಕಡಿಮೆ ಶುಲ್ಕ ಬೇಕೆನ್ನುವವರ ಆಯ್ಕೆಯನ್ನು ಇದು ಕಿತ್ತುಕೊಳ್ಳುತ್ತದೆ ಎಂಬುದು ಅವುಗಳ ವಾದ. ಇದರ ಜೊತೆಗೆ ಕೆಲವು ರಾಜ್ಯಗಳು ಏಜೆಂಟ್ ತನ್ನ ಕಮಿಷನ್ನಿನಲ್ಲಿ ಒಂದು ಪಾಲನ್ನು ಗಿರಾಕಿಗೆ ವಾಪಸ್ ಕೊಡುವುದನ್ನೇ ನಿಷೇಧಿಸಿದ್ದವು. ಒಟ್ಟಿನಲ್ಲಿ ಬೆಲೆಯ ಮೇಲೆ ಪೈಪೋಟಿ ನಡೆಸಲು ಹೊರಟವರಿಗೆ ಬಾಗಿಲು ಎಲ್ಲ ಕಡೆಯಿಂದಲೂ ಮುಚ್ಚಿತ್ತು. ಕಮಿಷನ್ ದರವನ್ನು ಸಂಘ ಗೊತ್ತುಮಾಡುವುದು ತಪ್ಪು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1950ರಲ್ಲೇ ಹೇಳಿತ್ತು. ದರಪಟ್ಟಿ ಹೋಯಿತು. ಅದೇ ದರವನ್ನು ಉಳಿಸುವ ವ್ಯವಸ್ಥೆ ಬೇರೆ ರೂಪದಲ್ಲಿ ಮುಂದುವರಿಯಿತು.

ರಾಜಿಯ ನಂತರ

2024ರ ಮಾರ್ಚ್ 15ರಂದು ಸಂಘ 41.8 ಕೋಟಿ ಡಾಲರ್ ಕೊಟ್ಟು ರಾಜಿಗೆ ಬಂತು. ಕೆಲರ್ ವಿಲಿಯಮ್ಸ್ 7 ಕೋಟಿ, ಹೋಮ್‌ಸರ್ವಿಸಸ್ 25 ಕೋಟಿ ಡಾಲರಿಗೆ ಒಪ್ಪಿದವು. ಸಂಘದ ರಾಜಿಗೆ 2024ರ ನವೆಂಬರ್ 26ರಂದು ನ್ಯಾಯಾಧೀಶರ ಅಂತಿಮ ಒಪ್ಪಿಗೆ ಸಿಕ್ಕಿತು. ಲಕ್ಷಾಂತರ ಮಾರಾಟಗಾರರ ನಡುವೆ ಹಂಚಿದರೆ ಒಬ್ಬೊಬ್ಬರಿಗೆ ಬರುವ ಹಣ ಸಣ್ಣದು. ನಿಜವಾದ ಬದಲಾವಣೆ ನಿಯಮದಲ್ಲಿ ಆಯಿತು.

2024ರ ಆಗಸ್ಟ್ 17ರಿಂದ ಕೊಳ್ಳುವವರ ಏಜೆಂಟಿಗೆ ಎಷ್ಟು ಎಂದು ಎಂಎಲ್‌ಎಸ್‌ನಲ್ಲಿ ಹಾಕುವಂತಿಲ್ಲ. ಕೊಳ್ಳುವವರು ಏಜೆಂಟ್ ಜೊತೆ ಮನೆ ನೋಡಲು ಹೋಗುವ ಮೊದಲೇ ಲಿಖಿತ ಕರಾರು ಮಾಡಿಕೊಳ್ಳಬೇಕು. ಆ ಕರಾರಿನಲ್ಲಿ ಶುಲ್ಕ ಸ್ಪಷ್ಟವಾಗಿ ಇರಬೇಕು. "ಮಾರುವವರು ಎಷ್ಟು ಕೊಡುತ್ತಾರೋ ಅಷ್ಟು" ಎಂದು ಬರೆಯುವ ಹಾಗಿಲ್ಲ. ಒಪ್ಪಿದ್ದಕ್ಕಿಂತ ಹೆಚ್ಚನ್ನು ಏಜೆಂಟ್ ಯಾರಿಂದಲೂ ಪಡೆಯುವಂತಿಲ್ಲ. ಶುಲ್ಕವನ್ನು ಕಾನೂನು ಗೊತ್ತುಮಾಡಿಲ್ಲ, ಚೌಕಾಸಿ ಮಾಡಬಹುದು ಎಂದು ಎದ್ದು ಕಾಣುವಂತೆ ತಿಳಿಸಬೇಕು.

ಸಲಹಾ ಪದ್ಧತಿಗೆ ಇದಕ್ಕಿಂತ ಒಳ್ಳೆಯ ನೆಲ ಬೇಕಿರಲಿಲ್ಲ. ಒಂದು ಮೊತ್ತ ಬರೆಯಿರಿ, ಗಂಟೆಯ ದರ ಬರೆಯಿರಿ, ಪರ್ಸೆಂಟ್ ಬರೆಯಿರಿ, ಎಲ್ಲಕ್ಕೂ ಅವಕಾಶ ಇದೆ. ಆದರೂ ಕಮಿಷನ್ ಕುಸಿಯಲಿಲ್ಲ. ಕೊಳ್ಳುವವರ ಏಜೆಂಟಿನ ಪಾಲು ನಿಯಮ ಬದಲಾಗಿ ಒಂದು ವರ್ಷದ ನಂತರವೂ ಎರಡೂವರೆ ಪರ್ಸೆಂಟಿನ ಆಸುಪಾಸಿನಲ್ಲೇ ಇತ್ತು. ಎಂಎಲ್‌ಎಸ್ ಹೊರಗೆ ಫೋನಿನಲ್ಲಿ, ಮಾತಿನಲ್ಲಿ ಮಾರುವವರು ಈಗಲೂ ಕೊಡಬಹುದು, ಕೊಡುತ್ತಿದ್ದಾರೆ. ಮನೆ ನೋಡುವ ಮೊದಲೇ ಕರಾರಿಗೆ ಸಹಿ ಹಾಕಿಸುವುದು ಕೊಳ್ಳುವವರನ್ನು ಕಟ್ಟಿಹಾಕಬಹುದು ಎಂದು ನ್ಯಾಯ ಇಲಾಖೆಯೂ 2024ರ ನವೆಂಬರ್‌ನಲ್ಲಿ ಕೋರ್ಟಿಗೆ ತನ್ನ ಆತಂಕ ತಿಳಿಸಿತು.

ಕಮಿಷನ್ ಯಾಕೆ ಇಳಿಯಲಿಲ್ಲ? ನನ್ನ ಮಟ್ಟಿಗೆ ಮೊದಲ ಕಾರಣ ಸಾಲದ ವ್ಯವಸ್ಥೆ. ಮಾರುವವರು ಕೊಡುವ ಕಮಿಷನ್ ಮನೆಯ ಬೆಲೆಯೊಳಗೇ ಸೇರಿರುತ್ತದೆ. ಬೆಲೆಗೆ ಬ್ಯಾಂಕ್ ಸಾಲ ಕೊಡುತ್ತದೆ. ಹಾಗಾಗಿ ಕೊಳ್ಳುವವರು ಏಜೆಂಟಿನ ಶುಲ್ಕವನ್ನು 30 ವರ್ಷದ ಕಂತಿನಲ್ಲಿ ಗೊತ್ತಿಲ್ಲದೆ ತೀರಿಸುತ್ತಾರೆ. ಅದೇ ಶುಲ್ಕವನ್ನು ಬೇರೆ ಬಿಲ್ ಮಾಡಿದರೆ ಸಾಲಕ್ಕೆ ಸೇರಿಸಲು ಆಗುವುದಿಲ್ಲ, ಕೈಯಿಂದ ನಗದು ಕೊಡಬೇಕು. ಮೊದಲ ಮನೆ ಕೊಳ್ಳುವವರು ಡೌನ್ ಪೇಮೆಂಟ್ ಹೊಂದಿಸುವುದರಲ್ಲೇ ಸುಸ್ತಾಗಿರುತ್ತಾರೆ. ಮಾಜಿ ಸೈನಿಕರ ಸರ್ಕಾರಿ ಗೃಹ ಸಾಲದಲ್ಲಂತೂ ಕೊಳ್ಳುವವರು ಏಜೆಂಟಿಗೆ ನೇರವಾಗಿ ಹಣ ಕೊಡುವುದಕ್ಕೇ ನಿಷೇಧ ಇತ್ತು. ಹೊಸ ನಿಯಮ ಬರುವ ಹೊತ್ತಿಗೆ ಅದನ್ನು ತಾತ್ಕಾಲಿಕವಾಗಿ ತೆಗೆದರು. ಸಲಹಾ ಶುಲ್ಕವನ್ನೂ ಸಾಲದೊಳಗೆ ತರುವ ದಾರಿ ಮಾಡದ ಹೊರತು ಇದು ಕೈಯಲ್ಲಿ ದುಡ್ಡಿರುವವರ ಸೌಲಭ್ಯವಾಗಿಯೇ ಉಳಿಯುತ್ತದೆ.

ಕಂಪನಿಗಳ ಅನುಭವವೂ ಎಚ್ಚರಿಕೆಯ ಪಾಠ. ಬ್ರಿಟನ್ನಿನ ಪರ್ಪಲ್‌ಬ್ರಿಕ್ಸ್ ಪರ್ಸೆಂಟ್ ಬಿಟ್ಟು ನಿಗದಿತ ಶುಲ್ಕ ಪಡೆಯಿತು, ಮನೆ ಮಾರಾಟವಾಗಲಿ ಬಿಡಲಿ. ಷೇರು ಮಾರುಕಟ್ಟೆಯಲ್ಲಿ ಮೆರೆಯಿತು. ಆಸ್ಟ್ರೇಲಿಯಾ, ಅಮೆರಿಕಕ್ಕೆ ಕಾಲಿಟ್ಟು 2019ರಲ್ಲಿ ಎರಡನ್ನೂ ಬಿಡುವ ನಿರ್ಧಾರ ಮಾಡಿತು. 2023ರಲ್ಲಿ ಸ್ಟ್ರೈಕ್ ಎಂಬ ಕಂಪನಿ ಅದರ ವ್ಯವಹಾರವನ್ನು ಕೇವಲ ಒಂದು ಪೌಂಡಿಗೆ ಕೊಂಡಿತು. ಅಮೆರಿಕದ ರೆಡ್‌ಫಿನ್ ಏಜೆಂಟರಿಗೆ ಸಂಬಳ ಕೊಟ್ಟು ಮಾರಾಟಗಾರರಿಗೆ ಕಡಿಮೆ ದರ ಇಟ್ಟಿತ್ತು. ಈಚಿನ ವರ್ಷಗಳಲ್ಲಿ ಅದೂ ಏಜೆಂಟರನ್ನು ಕಮಿಷನ್ ಪಾಲಿನ ಕಡೆಗೆ ತಿರುಗಿಸಿತು. ಇವೆರಡರಲ್ಲಿ ನನಗೆ ಕಾಣುವುದು ಇದು: ಮೊದಲೇ ಪೂರ್ತಿ ಹಣ ಪಡೆದರೆ ಕೆಲಸದ ಚುರುಕು ಕಡಿಮೆಯಾಗುವ ಅಪಾಯ ಇದೆ, ಸಂಬಳಕ್ಕೆ ಇಟ್ಟುಕೊಂಡರೆ ಮಾರುಕಟ್ಟೆ ಮಲಗಿದಾಗ ಕಂಪನಿಗೇ ಹೊರೆ. ಹಾಗಾಗಿ ಹಂತ ಹಂತವಾಗಿ ಕೊಡುವ ಕ್ರಮ ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ಬೆಲೆ ಕಟ್ಟಿದ್ದಕ್ಕೆ ಇಷ್ಟು, ಆಫರ್ ಚೌಕಾಸಿಗೆ ಇಷ್ಟು, ನೋಂದಣಿ ಮುಗಿದ ದಿನ ಉಳಿದದ್ದು.

ನಮ್ಮ ಕಡೆಗೆ

ಡಲ್ಲಾಸ್, ನ್ಯೂಜೆರ್ಸಿ, ಬೇ ಏರಿಯಾದಲ್ಲಿ ಮನೆ ಕೊಳ್ಳುವ ಕನ್ನಡಿಗರ ಮುಂದೆ ಈಗ ಈ ಕರಾರು ಬರುತ್ತದೆ. ಪರಿಚಯದವರು, ನಮ್ಮ ಕನ್ನಡ ಸಂಘದವರು ಎಂದು ಓದದೆ ಸಹಿ ಹಾಕಬೇಡಿ. ಅವಧಿಯನ್ನು ಕಡಿಮೆ ಇಡಿಸಿ, ಒಂದೇ ಮನೆ ನೋಡುವುದಕ್ಕೆ ಸೀಮಿತಗೊಳಿಸಲೂ ಕೇಳಬಹುದು. ಮನೆಯನ್ನು ನೀವೇ ಹುಡುಕಿಕೊಂಡಿದ್ದರೆ ಆಫರ್ ಬರೆದು ಚೌಕಾಸಿ ಮಾಡುವುದಕ್ಕಷ್ಟೇ ಒಂದು ಮೊತ್ತ ಹೇಳಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ನ್ಯೂಜೆರ್ಸಿಯಂಥ ಕಡೆ ಮನೆ ವ್ಯವಹಾರಕ್ಕೆ ವಕೀಲರನ್ನು ಇಟ್ಟುಕೊಳ್ಳುವ ರೂಢಿ ಮೊದಲೇ ಇದೆ.

ಬೆಂಗಳೂರಿನ ಸ್ಥಿತಿ ಬೇರೆ. ಇಲ್ಲಿ ಅಮೆರಿಕದಂತೆ ಎಲ್ಲರೂ ಬಳಸುವ ಎಂಎಲ್‌ಎಸ್ ಇಲ್ಲ. ಯಾವ ಮನೆ ಮಾರಾಟಕ್ಕಿದೆ ಎಂಬ ಸುದ್ದಿಯೇ ಬ್ರೋಕರ್‌ನ ಬಂಡವಾಳ. ಎಷ್ಟೋ ವ್ಯವಹಾರಗಳಲ್ಲಿ ಒಬ್ಬನೇ ಬ್ರೋಕರ್ ಎರಡೂ ಕಡೆ ಕಮಿಷನ್ ಪಡೆಯುತ್ತಾನೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಲ್ಲಿ ಏಜೆಂಟರ ನೋಂದಣಿ ಕಡ್ಡಾಯವಾಗಿರುವುದು ನೋಂದಾಯಿತ ಯೋಜನೆಗಳ ಮಾರಾಟಕ್ಕೆ. ಜಯನಗರದ ಹಳೆ ಮನೆ ಒಬ್ಬರಿಂದ ಒಬ್ಬರಿಗೆ ಹೋಗುವಾಗ ಆ ಕಾವಲು ಇರುವುದಿಲ್ಲ. 1872ರ ಕರಾರು ಕಾಯ್ದೆಯ 219ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಕೆಲಸ ಮುಗಿಯುವವರೆಗೆ ಏಜೆಂಟಿಗೆ ಸಂಭಾವನೆ ಸಲ್ಲುವುದಿಲ್ಲ. ಅಂದರೆ ಹಂತ ಹಂತದ ಶುಲ್ಕ ಬೇಕೆಂದರೆ ಅದನ್ನು ಬರಹದಲ್ಲಿ ಮಾಡಿಕೊಳ್ಳಬೇಕು. ಮಾಲೀಕರಿಗೆ ತಿಳಿಸದೆ ಏಜೆಂಟ್ ಅದೇ ವ್ಯವಹಾರದಲ್ಲಿ ತನ್ನ ಸ್ವಂತಕ್ಕೆ ಲಾಭ ಮಾಡಿಕೊಂಡರೆ ಆ ಲಾಭವನ್ನು ಕೇಳುವ ಹಕ್ಕು 216ನೇ ಸೆಕ್ಷನ್‌ನಲ್ಲಿದೆ.

ನಮ್ಮಲ್ಲಿ ಸಲಹೆಗೆ ಶುಲ್ಕ ಕೊಡುವುದು ಹೊಸದೇನಲ್ಲ ಅಲ್ವಾ? ಕ್ರಯಪತ್ರ, ಖಾತೆ, ಇಸಿ (ಋಣಭಾರ ಪತ್ರ) ನೋಡಿ ಲೀಗಲ್ ಒಪಿನಿಯನ್ ಕೊಡುವ ವಕೀಲರು ಪರ್ಸೆಂಟ್ ಕೇಳುವುದಿಲ್ಲ. "ಈ ಕಾಗದ ಸರಿಯಿಲ್ಲ, ಬಿಟ್ಟುಬಿಡಿ" ಎಂದು ಅವರು ಹೇಳಬಲ್ಲರು, ಯಾಕೆಂದರೆ ವ್ಯವಹಾರ ಮುರಿದರೂ ಅವರ ಶುಲ್ಕಕ್ಕೆ ಕುತ್ತಿಲ್ಲ. ಬೆಲೆ ಕಟ್ಟುವ ವ್ಯಾಲ್ಯುವರ್ ಕೂಡ ಹಾಗೇ. ಮನೆ ಹುಡುಕಿಕೊಟ್ಟದ್ದಕ್ಕೆ ಬ್ರೋಕರ್‌ಗೆ ಹಣ ಕೊಡಿ, ಅದು ಅವರ ದುಡಿಮೆ. ಬೆಲೆ ಸರಿಯೇ, ಕಾಗದ ಸರಿಯೇ ಎಂಬ ಎರಡು ಪ್ರಶ್ನೆಗಳನ್ನು ಮಾತ್ರ, ಡೀಲ್ ಆದರಷ್ಟೇ ಹಣ ಸಿಗುವವರ ಬಳಿ ಕೇಳಬೇಡಿ. ಆ ವಕೀಲರನ್ನೂ ವ್ಯಾಲ್ಯುವರ್‌ನನ್ನೂ ಬ್ರೋಕರ್ ತೋರಿಸಿದವರಲ್ಲದೆ ನೀವೇ ಹುಡುಕಿ, ಟೋಕನ್ ಅಡ್ವಾನ್ಸ್ ಕೊಡುವ ಮೊದಲೇ ಅವರ ಫೀಸು ಕೊಟ್ಟು ವರದಿಯನ್ನು ಕೈಗೆ ತೆಗೆದುಕೊಳ್ಳಿ.